ಜೋಡಿ ಇಲ್ಲದ ಜೋಡಿ ಸಿನಿಮಾ: ಈಸ್ಟ್‌ವುಡ್ ಅವರ ‘ದಿ ರೂಕಿ’

(ಸಿನಿಮಾಸಕ್ತರ ಒಂದು ಗುಂಪಿನ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಹಾಲಿವುಡ್‌ನ ನಟ, ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ಬಗ್ಗೆ ಮಾತಾಡಿ ಎಂದು ಕರೆದವರ ಮನಸ್ಸಿನಲ್ಲಿ ‘ಅನ್‌ಫರ್ಗಿವನ್’ ಇದ್ದಿರಬೇಕು, ಇಲ್ಲವೇ ‘ಮಿಲಿಯನ್ ಡಾಲರ್ ಬೇಬಿ’. ನಾನು ಆರಿಸಿಕೊಂಡಿರುವುದು ಅವರೇ ನಿರ್ದೇಶಿಸಿ ನಟಿಸಿದ ‘ದಿ ರೂಕಿ’, ಅಂದರೆ ಕೆಲಸಕ್ಕೆ ಹೊಸಬ. ಹೆಸರು ಕೇಳಿ ಕೆಲವರು ಬೇಸ್‌ಬಾಲ್ ಸಿನಿಮಾ ನೆನಪಿಸಿಕೊಂಡಿರಬಹುದು. ಅದು 2002ರದ್ದು, ಬೇರೆಯದು. ಇದು 1990ರ ಡಿಸೆಂಬರ್‌ನಲ್ಲಿ ತೆರೆಕಂಡ ಪೊಲೀಸ್ ಸಿನಿಮಾ. ಈಸ್ಟ್‌ವುಡ್ ಅಭಿಮಾನಿಗಳೇ ಇದರ ಸುದ್ದಿ ತೆಗೆದರೆ ಮಾತು ಬದಲಿಸುತ್ತಾರೆ. ಅಂಥ ಸಿನಿಮಾ ಯಾಕೆ ಅಂದರೆ, ಚೆನ್ನಾಗಿರುವ ಸಿನಿಮಾದಲ್ಲಿ ಹೊಲಿಗೆ ಎಲ್ಲಿದೆ ಎಂದು ಕಾಣಿಸುವುದೇ ಇಲ್ಲ. ಇದರಲ್ಲಿ ಎಲ್ಲ ಹೊಲಿಗೆಯೂ ಹೊರಗೇ ಇದೆ. ಈ ಮನುಷ್ಯನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ‘ಅನ್‌ಫರ್ಗಿವನ್’ಗಿಂತ ಇದು ನೇರವಾಗಿ ತೋರಿಸಿಬಿಡುತ್ತದೆ.

ಮೊದಲು ಕಥೆ ಮುಗಿಸಿಬಿಡೋಣ, ಅದು ಹೆಚ್ಚು ಹೊತ್ತು ಬೇಡುವುದಿಲ್ಲ. ಲಾಸ್ ಏಂಜಲೀಸ್. ದುಬಾರಿ ಕಾರುಗಳನ್ನು ಕದ್ದು ಮಾರುವ ಜಾಲದ ಬೆನ್ನು ಬಿದ್ದಿರುವ ಹಳೇ ಹುಲಿ ನಿಕ್ ಪುಲೋವ್ಸ್ಕಿ, ಅಂದರೆ ಈಸ್ಟ್‌ವುಡ್. ಅವನ ಜೊತೆಗಾರ ಪವೆಲ್ ಶುರುವಿನಲ್ಲೇ ಗುಂಡೇಟಿಗೆ ಸಾಯುತ್ತಾನೆ. ಆ ಜಾಗಕ್ಕೆ ಬರುವವನು ಡೇವಿಡ್ ಆಕರ್‌ಮನ್, ಅಂದರೆ ಚಾರ್ಲಿ ಶೀನ್. ಶ್ರೀಮಂತ ಮನೆಯ ಹುಡುಗ. ಚಿಕ್ಕಂದಿನಲ್ಲಿ ಕಣ್ಣೆದುರೇ ಸತ್ತ ಅಣ್ಣತಮ್ಮನ ಸಾವಿಗೆ ತಾನೇ ಕಾರಣ ಎಂಬ ಕೊರಗು ಹೊತ್ತವನು. ಕಳ್ಳರ ನಾಯಕ ಸ್ಟ್ರಾಮ್, ಅವನ ಬಲಗೈ ಲೀಸಲ್. ಒಂದು ಕ್ಯಾಸಿನೊ ದರೋಡೆಯಲ್ಲಿ ಲೀಸಲ್ ಎದುರು ಬಂದಾಗ ಆಕರ್‌ಮನ್‌ಗೆ ಗುಂಡು ಹೊಡೆಯಲು ಕೈ ಬರುವುದಿಲ್ಲ. ಅವಳು ಹೊಡೆಯುತ್ತಾಳೆ, ಗುಂಡು ನಿರೋಧಕ ಅಂಗಿ ಹುಡುಗನನ್ನು ಉಳಿಸುತ್ತದೆ. ಪುಲೋವ್ಸ್ಕಿ ಮಾತ್ರ ಒತ್ತೆಯಾಳು. ಬಿಡುಗಡೆಗೆ 20 ಲಕ್ಷ ಡಾಲರ್. ಇನ್ನು ಮುಂದೆ ಹುಡುಗ ಗಂಡಸಾಗಬೇಕು, ಮುದುಕನನ್ನು ಬಿಡಿಸಿ ತರಬೇಕು. ಬಿಡಿಸುತ್ತಾನೆ. ಕಾರು, ಬೆಂಕಿ, ವಿಮಾನ ನಿಲ್ದಾಣ, ಮುಕ್ತಾಯ. ಒಟ್ಟು ಎರಡು ಗಂಟೆ.

ಈ ಜಾತಿಯ ಸಿನಿಮಾವನ್ನು ಅಮೆರಿಕದಲ್ಲಿ ‘ಬಡಿ ಕಾಪ್’ ಅನ್ನುತ್ತಾರೆ, ‘ಬಡಿ’ ಅಂದರೆ ಗೆಳೆಯ. ನಾನು ಜೋಡಿ ಪೊಲೀಸ್ ಸಿನಿಮಾ ಅನ್ನುತ್ತೇನೆ. ಇದರ ಸೂತ್ರ ನಮ್ಮ ಗಾದೆಯಲ್ಲೇ ಇದೆ: ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಒಂದೇ ನೊಗಕ್ಕೆ ಕಟ್ಟಿದ ಎರಡು ಬೇರೆ ಪ್ರಾಣಿ. ಪ್ರೇಕ್ಷಕನಿಗೆ ಬೇಕಾದದ್ದು ಉಳುಮೆ ಅಲ್ಲ, ಆ ಎಳೆದಾಟ. ಕಳ್ಳ ಯಾರು, ಮಾಲು ಏನು ಎನ್ನುವುದು ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ವಾಲ್ಟರ್ ಹಿಲ್ ಅವರ ‘48 ಅವರ್ಸ್’ 1982ರಲ್ಲಿ ಬಂತು. ನಿಕ್ ನೋಲ್ಟಿ ಅದರಲ್ಲಿ ಯಾರ ಹಿಂದೆ ಓಡುತ್ತಿದ್ದ ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೀರಿ. ಎಡ್ಡಿ ಮರ್ಫಿ ಜೊತೆ ಹೇಗೆ ಕಿತ್ತಾಡಿದ ಎಂದು ಕೇಳಿದರೆ ಸನ್ನೆ ಸಮೇತ ಹೇಳುತ್ತೀರಿ. 1987ರ ‘ಲೀಥಲ್ ವೆಪನ್’ನಲ್ಲೂ ಹಾಗೇ. ಬದುಕುವುದೇ ಬೇಡವೆಂದಿರುವ ರಿಗ್ಸ್, ಐವತ್ತು ತುಂಬಿ ನೆಮ್ಮದಿಯಾಗಿ ನಿವೃತ್ತನಾದರೆ ಸಾಕೆನ್ನುವ ಮರ್ಟಾ. ಮರ್ಟಾನ ಮನೆಯ ಊಟದ ಮೇಜಿನಲ್ಲಿ ರಿಗ್ಸ್ ಕೂರುವ ದೃಶ್ಯ ಇಲ್ಲದಿದ್ದರೆ ಕೊನೆಯ ಹೊಡೆದಾಟಕ್ಕೆ ಬೆಲೆ ಇರುತ್ತಿರಲಿಲ್ಲ.

ಈ ಜೋಡಿಯ ಬೇರು ಹುಡುಕಿದರೆ ಹಾಲಿವುಡ್‌ಗಿಂತ ಮೊದಲು ಟೋಕಿಯೋ ಸಿಗುತ್ತದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಕಿರಾ ಕುರೊಸಾವಾ ಅವರ ‘ಸ್ಟ್ರೇ ಡಾಗ್’, 1949. ಯುದ್ಧ ಸೋತ ಟೋಕಿಯೋ, ಅಂಗಿ ಬೆನ್ನಿಗಂಟುವ ಬೇಸಿಗೆ. ಹೊಸದಾಗಿ ಪತ್ತೇದಾರನಾದ ಮುರಕಾಮಿಯ ಪಿಸ್ತೂಲು ಕಿಕ್ಕಿರಿದ ಬಸ್ಸಿನಲ್ಲಿ ಕಳುವಾಗುತ್ತದೆ. ಆ ಪಿಸ್ತೂಲಿನಿಂದ ಊರಲ್ಲಿ ಅಪರಾಧಗಳು ನಡೆಯುತ್ತವೆ, ಒಂದೊಂದು ಗುಂಡಿಗೂ ತಾನೇ ಹೊಣೆ ಎಂದು ಮುರಕಾಮಿ ಕೊರಗುತ್ತಾನೆ. ಅವನ ಜೊತೆಗೆ ಹಾಕುವುದು ಹಿರಿಯ ಸಾಟೋನನ್ನು. ತೋಶಿರೊ ಮಿಫುನೆ ಮತ್ತು ತಕಾಶಿ ಶಿಮುರಾ. ಕೊರಗುವ ಕಿರಿಯ, ಪಳಗಿದ ಹಿರಿಯ; ಕಾಗದದ ಮೇಲೆ ನೋಡಿದರೆ ‘ದಿ ರೂಕಿ’ಯದೇ ಜೋಡಿ. ಆದರೆ ಸಾಟೋ ಏನು ಮಾಡುತ್ತಾನೆ ನೋಡಿ: ಹುಡುಗನನ್ನು ಮನೆಗೆ ಕರೆದುಕೊಂಡು ಹೋಗುತ್ತಾನೆ. ಇಬ್ಬರೂ ಬಿಯರ್ ಕುಡಿಯುತ್ತಾರೆ, ಮಲಗಿರುವ ಮಕ್ಕಳನ್ನು ನೋಡುತ್ತಾರೆ. ಆ ರಾತ್ರಿಯ ಮಾತಿನಲ್ಲಿ ಒಂದು ನಿಜವಾದ ಜಗಳ ಇದೆ. ಕಳ್ಳನೂ ತನ್ನ ಹಾಗೆ ಯುದ್ಧದಿಂದ ಬರಿಗೈಲಿ ಮರಳಿದ ಸೈನಿಕ, ತಾನೂ ಅವನ ಹಾಗೆಯೇ ಆಗಿಬಿಡಬಹುದಿತ್ತು ಎಂದು ಮುರಕಾಮಿಗೆ ಅನಿಸುತ್ತಿದೆ. ಸಾಟೋಗೆ ಆ ಮರುಕ ಒಪ್ಪಿಗೆಯಿಲ್ಲ. ಕೊನೆಯವರೆಗೂ ಅವರಿಬ್ಬರ ನಡುವೆ ಆ ಮಾತು ತೀರ್ಮಾನವಾಗುವುದಿಲ್ಲ. ಆಮೇಲೆ ಸಾಟೋಗೆ ಗುಂಡು ಬಿದ್ದಾಗ ಮುರಕಾಮಿ ಹಂಬಲಿಸುವುದನ್ನು ನೋಡಿದರೆ ನಮಗೆ ಅದು ಅತಿ ಅನಿಸುವುದಿಲ್ಲ, ಯಾಕೆಂದರೆ ಅವರು ಒಟ್ಟಿಗೆ ಬೆವರಿದ್ದನ್ನು ನೋಡಿದ್ದೇವೆ.

‘ದಿ ರೂಕಿ’ಯಲ್ಲಿ ಆ ರಾತ್ರಿ ಇಲ್ಲ. ಪುಲೋವ್ಸ್ಕಿ ಗದರುತ್ತಾನೆ, ಆಕರ್‌ಮನ್ ಗದರಿಸಿಕೊಳ್ಳುತ್ತಾನೆ. ಹಿರಿಯನ ಬಾಯಲ್ಲಿ ಯಾವಾಗಲೂ ಚುಟ್ಟ, ಹಚ್ಚಲು ಬೆಂಕಿ ಯಾರ ಹತ್ತಿರವೂ ಸಿಗುವುದಿಲ್ಲ. ಈ ತಮಾಷೆ ಸಿನಿಮಾದುದ್ದಕ್ಕೂ ಬರುತ್ತದೆ. ಇಬ್ಬರ ನಡುವೆ ಜಗಳ ಆಗುವಂಥ ವಿಷಯವೇ ಇಲ್ಲ. ಒಬ್ಬನಿಗೆ ಗೊತ್ತಿದೆ, ಇನ್ನೊಬ್ಬನಿಗೆ ಗೊತ್ತಿಲ್ಲ, ಅಷ್ಟೇ. ಅದರ ಮೇಲೆ ಚಿತ್ರಕಥೆ ಒಂದು ವಿಚಿತ್ರ ಕೆಲಸ ಮಾಡುತ್ತದೆ. ಜೋಡಿ ಒಂದು ಹದಕ್ಕೆ ಬರುವ ಹೊತ್ತಿಗೆ ಅವರನ್ನು ಬೇರ್ಪಡಿಸಿಬಿಡುತ್ತದೆ. ಹಿರಿಯನನ್ನು ಕುರ್ಚಿಗೆ ಕಟ್ಟಿ ಹಾಕಿದ್ದಾರೆ, ಕಿರಿಯ ಒಬ್ಬನೇ ಊರೆಲ್ಲ ಸುತ್ತುತ್ತಿದ್ದಾನೆ. ಜೋಡಿ ಸಿನಿಮಾದ ಮಧ್ಯಭಾಗದಲ್ಲಿ ಜೋಡಿಯೇ ಇಲ್ಲ! ಗೆಳೆತನ ಬೆಳೆಯಬೇಕಾದ ಹೊತ್ತಿನಲ್ಲಿ ಇಬ್ಬರೂ ಒಂದು ಕೋಣೆಯಲ್ಲಿ ಇಲ್ಲದಿದ್ದರೆ ಆ ಗೆಳೆತನವನ್ನು ನಾವು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗುತ್ತದೆ.

ಇದು ಬರಹಗಾರರ ತಪ್ಪು, ನಿರ್ದೇಶಕರನ್ನು ಯಾಕೆ ದೂರುತ್ತೀರಿ ಎಂದು ನೀವು ಕೇಳಬಹುದು. ಅದಕ್ಕೆ ಈಸ್ಟ್‌ವುಡ್ ಅವರ ಹಿಂದಿನ ಪೊಲೀಸ್ ಪಾತ್ರವನ್ನು ನೋಡಬೇಕು. ‘ಡರ್ಟಿ ಹ್ಯಾರಿ’ ಸರಣಿಯಲ್ಲಿ ಐದು ಸಿನಿಮಾ: 1971, 73, 76, 83, 88. ಹ್ಯಾರಿ ಕ್ಯಾಲಹನ್‌ನ ಜೊತೆಗಾರರಿಗೆ ಏನೇನಾಯಿತು ಎಂದು ಒಂದು ಪಟ್ಟಿ ಹಾಕಿ. ಮೊದಲನೆಯದರಲ್ಲಿ ಚಿಕೊ ಗೊನ್ಸಾಲೆಸ್, ಕಾಲೇಜು ಓದಿ ಬಂದ ಹುಡುಗ. ಗುಂಡೇಟು ತಿಂದು ಬದುಕುತ್ತಾನೆ, ಆದರೆ ಪೊಲೀಸ್ ಕೆಲಸವೇ ಬೇಡ, ಪಾಠ ಹೇಳಲು ಹೋಗುತ್ತೇನೆ ಅನ್ನುತ್ತಾನೆ. ಎರಡನೆಯದರಲ್ಲಿ ಅರ್ಲಿ ಸ್ಮಿತ್, ಟಪಾಲು ಪೆಟ್ಟಿಗೆಯಲ್ಲಿಟ್ಟ ಬಾಂಬಿಗೆ ಬಲಿ. ಮೂರನೆಯದರಲ್ಲಿ ಇಬ್ಬರು ಹೋಗುತ್ತಾರೆ, ಡಿಜಾರ್ಜಿಯೊ ಮತ್ತು ಕೇಟ್ ಮೂರ್. ನಾಲ್ಕನೆಯದರಲ್ಲಿ ಹೊರೇಸ್ ಕಿಂಗ್‌ನ ಕೊಲೆ. ಐದನೆಯದರಲ್ಲಿ ಆಲ್ ಕ್ವಾನ್ ಕಾರ್ ಬಾಂಬಿನಲ್ಲಿ ಗಾಯಗೊಂಡು ಆಸ್ಪತ್ರೆ ಸೇರುತ್ತಾನೆ. ಹ್ಯಾರಿಯ ಜೊತೆ ಡ್ಯೂಟಿ ಬಿದ್ದರೆ ಮನೆಯವರಿಗೆ ಹೇಳಿ ಹೋಗುವುದು ಒಳ್ಳೆಯದು.

ನಗಬೇಡಿ, ಇದು ಹ್ಯಾರಿಯ ಪಾತ್ರಕ್ಕೆ ಬೇಕಾದದ್ದೇ. ಜೊತೆಗಾರ ಸತ್ತಷ್ಟೂ ಹ್ಯಾರಿ ಒಂಟಿಯಾಗುತ್ತಾನೆ, ಒಂಟಿಯಾದಷ್ಟೂ ಅವನ ಸಿಟ್ಟಿಗೆ ಸಮರ್ಥನೆ ಸಿಗುತ್ತದೆ. ಹಳೆಯ ವೆಸ್ಟರ್ನ್ ಸಿನಿಮಾಗಳ ಹೆಸರಿಲ್ಲದ ಕೌಬಾಯ್ ಕಾಲದಿಂದ ಈಸ್ಟ್‌ವುಡ್ ಕಟ್ಟಿಕೊಂಡ ವ್ಯಕ್ತಿತ್ವವೇ ಅದು: ಮಾತು ಕಡಿಮೆ, ಕಣ್ಣು ಕಿರಿದು, ಯಾರ ಹಂಗೂ ಇಲ್ಲ. ಅದನ್ನು ಜೋಡಿ ಸಿನಿಮಾದ ಒಳಗೆ ತಂದರೆ ಆ ಸಿನಿಮಾಕ್ಕೆ ಉಸಿರು ಕಟ್ಟುತ್ತದೆ. ಮಾತು ಬೇಕಾದ ಕಡೆ ಇವರು ಮೌನದ ನಟ. ಎದುರಿನವನು ಒಂದು ಮಾತು ಎಸೆದರೆ ಹಿಡಿದು ಮರಳಿ ಎಸೆಯಬೇಕು. ಇವರು ಹಿಡಿದು ಜೇಬಿಗೆ ಹಾಕಿಕೊಳ್ಳುತ್ತಾರೆ. ‘ದಿ ರೂಕಿ’ಯೂ ಹ್ಯಾರಿಯ ಕ್ರಮದಲ್ಲೇ ಶುರುವಾಗುತ್ತದೆ, ಜೊತೆಗಾರ ಪವೆಲ್ ಸಾವಿನಿಂದ. ಆಮೇಲೆ ಆ ಕ್ರಮಕ್ಕೆ ಒಗ್ಗದ ಕಥೆಯನ್ನು ಎರಡು ಗಂಟೆ ಎಳೆಯಬೇಕಾಗಿ ಬರುತ್ತದೆ.

ಹಾಗಂತ ಈಸ್ಟ್‌ವುಡ್‌ಗೆ ಜೊತೆಗಾರಿಕೆ ಬರುವುದೇ ಇಲ್ಲ ಎಂದರೆ ಅನ್ಯಾಯ. 1974ರ ‘ಥಂಡರ್‌ಬೋಲ್ಟ್ ಅಂಡ್ ಲೈಟ್‌ಫುಟ್’ನಲ್ಲಿ ಜೆಫ್ ಬ್ರಿಜಸ್ ಜೊತೆ ಎಂಥ ಸಲಿಗೆ! ಅದನ್ನು ನಿರ್ದೇಶಿಸಿದ್ದು ಮೈಕೆಲ್ ಚಿಮಿನೊ. ಬ್ರಿಜಸ್‌ಗೆ ಬೇಕಾದಷ್ಟು ಜಾಗ ಬಿಟ್ಟಿದ್ದಾರೆ, ಆಸ್ಕರ್‌ಗೆ ಹೆಸರೂ ಹೋಯಿತು. ಈಸ್ಟ್‌ವುಡ್ ಅವರೇ ನಿರ್ದೇಶಿಸಿದ 1977ರ ‘ದಿ ಗಾಂಟ್ಲೆಟ್’ ನೋಡಿ. ಸಾಕ್ಷಿ ಹೇಳಬೇಕಾದ ಹೆಂಗಸನ್ನು ಫೀನಿಕ್ಸ್‌ಗೆ ತರುವ ಪೊಲೀಸ್. ಕೊನೆಗೆ ಇಡೀ ಊರಿನ ಪೊಲೀಸರು ಒಂದು ಬಸ್ಸಿನ ಮೇಲೆ ಗುಂಡಿನ ಮಳೆ ಸುರಿಸುತ್ತಾರೆ. ತರ್ಕಕ್ಕೆ ನಿಲ್ಲದ ದೃಶ್ಯ. ಆದರೂ ನಾವು ನೋಡುತ್ತೇವೆ, ಯಾಕೆಂದರೆ ಬಸ್ಸಿನೊಳಗಿರುವ ಸಾಂಡ್ರಾ ಲಾಕ್‌ಳ ಪಾತ್ರ ಅಲ್ಲಿಯವರೆಗೆ ಈ ಪೊಲೀಸಪ್ಪನಿಗೆ ಚೆನ್ನಾಗಿ ನೀರಿಳಿಸಿದೆ. ಹ್ಯಾರಿ ಸರಣಿಯ ಮೂರನೆಯದಾದ ‘ದಿ ಎನ್‌ಫೋರ್ಸರ್’ನಲ್ಲಿ ಟೈನ್ ಡೇಲಿ ಮಾಡಿದ ಕೇಟ್ ಮೂರ್ ಕೂಡ ಹಾಗೇ, ಹ್ಯಾರಿಯ ಉಡಾಫೆಗೆ ಸೊಪ್ಪು ಹಾಕದವಳು. ನನಗನಿಸುವ ಹಾಗೆ, ಎದುರಿಗೆ ಮಾತಿನಲ್ಲಿ ತನ್ನನ್ನು ಮೀರಿಸುವ ಹೆಂಗಸು ಇದ್ದಾಗ ಈಸ್ಟ್‌ವುಡ್ ಒಳ್ಳೆಯ ಜೊತೆಗಾರ. ಇಲ್ಲವೇ, 1978ರ ‘ಎವ್ರಿ ವಿಚ್ ವೇ ಬಟ್ ಲೂಸ್’ನಲ್ಲಿರುವ ಹಾಗೆ, ಎದುರಿಗೆ ಒರಾಂಗುಟಾನ್ ಇರಬೇಕು. ಅದು ಅವರ ದೊಡ್ಡ ಹಿಟ್‌ಗಳಲ್ಲಿ ಒಂದು. ತನ್ನ ವಯಸ್ಸಿಗಿಂತ ಮೂವತ್ತೈದು ವರ್ಷ ಕಿರಿಯ, ತನ್ನನ್ನು ಗೌರವದಿಂದ ನೋಡುವ ಹುಡುಗ ಎದುರಿಗೆ ಬಂದಾಗ ಮಾತ್ರ ಏನು ಮಾಡಬೇಕೆಂದು ಅವರಿಗೆ ಹೊಳೆಯುವುದಿಲ್ಲ.

ಚಾರ್ಲಿ ಶೀನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಪ್ಲಟೂನ್’ ಮತ್ತು ‘ವಾಲ್ ಸ್ಟ್ರೀಟ್’ ಎರಡರಲ್ಲೂ ಆಲಿವರ್ ಸ್ಟೋನ್ ಅವನನ್ನು ಹಿರಿಯರ ನಡುವೆ ಸಿಕ್ಕಿಕೊಂಡ, ಯಾರನ್ನು ನಂಬಬೇಕೆಂದು ತಿಳಿಯದ ಹುಡುಗನಾಗಿ ನಿಲ್ಲಿಸಿದ್ದರು. ಅದಕ್ಕೆ ಆ ಖಾಲಿ ಮುಖ ಸರಿಹೊಂದುತ್ತಿತ್ತು. ಇಲ್ಲಿ ಅವನಿಗೆ ನಂಬಲು ಒಬ್ಬನೇ ಹಿರಿಯ, ಅದರಲ್ಲೂ ಗೊಂದಲವಿಲ್ಲ. ಎರಡನೇ ಅರ್ಧದಲ್ಲಿ ಅವನು ಕೆರಳಿ ಬಾರ್ ಒಂದಕ್ಕೆ ನುಗ್ಗಿ ಹೊಡೆದಾಡುತ್ತಾನೆ, ಅದಕ್ಕೆ ಬೆಂಕಿಯನ್ನೂ ಇಡುತ್ತಾನೆ. ತನ್ನ ಮನೆಯ ಬಾಗಿಲನ್ನು ಮೋಟರ್‌ಬೈಕಿನಲ್ಲೇ ಒಡೆದುಕೊಂಡು ಒಳಗೆ ಬರುತ್ತಾನೆ. ಅಣ್ಣತಮ್ಮನ ಸಾವಿನ ಕೊರಗಿದ್ದ ಹುಡುಗ ಇವನೇನಾ? ಆ ಕೊರಗನ್ನು ದೃಶ್ಯದಿಂದ ದೃಶ್ಯಕ್ಕೆ ಕರಗಿಸುವ ಬದಲು ಒಂದೇ ರಾತ್ರಿಯಲ್ಲಿ ಸುಟ್ಟು ಹಾಕಿದ್ದಾರೆ. ಅಪ್ಪನ ಬಳಿ ಹೋಗಿ ಒತ್ತೆಯ ಹಣ ಕೇಳುವ ದೃಶ್ಯ ಒಂದಿದೆ, ಅಪ್ಪ ಟಾಮ್ ಸ್ಕೆರಿಟ್. ಅಪ್ಪನ ದುಡ್ಡನ್ನು ಧಿಕ್ಕರಿಸಿ ಪೊಲೀಸ್ ಆದವನು ಅಪ್ಪನ ದುಡ್ಡಿಗೇ ಕೈಚಾಚುವುದು. ಅಲ್ಲಿ ಒಂದು ಸಿನಿಮಾ ಇತ್ತು. ಎರಡು ಅಪ್ಪಂದಿರು, ಒಬ್ಬ ಮಗ. ಅದನ್ನು ಯಾರೂ ಬೆಳೆಸಲಿಲ್ಲ.

ಇನ್ನು ಖಳರು. ಇದು ನನ್ನನ್ನು ನಿಜವಾಗಿ ಕೆಣಕುವ ವಿಷಯ. ಜರ್ಮನ್ ಕಳ್ಳ ಸ್ಟ್ರಾಮ್ ಪಾತ್ರಕ್ಕೆ ಪೋರ್ಟೊರಿಕೊದ ರಾವುಲ್ ಜೂಲಿಯಾ, ಜರ್ಮನ್ ಲೀಸಲ್ ಪಾತ್ರಕ್ಕೆ ಬ್ರೆಜಿಲ್‌ನ ಸೋನಿಯಾ ಬ್ರಾಗಾ. ಯಾಕೆ ಎಂದು ದೇವರಿಗೇ ಗೊತ್ತು. ಇವರಿಬ್ಬರೂ ಐದು ವರ್ಷ ಹಿಂದೆ ಹೆಕ್ಟರ್ ಬಬೆಂಕೊ ಅವರ ‘ಕಿಸ್ ಆಫ್ ದ ಸ್ಪೈಡರ್ ವುಮನ್’ನಲ್ಲಿ ಇದ್ದವರು. ಜೈಲಿನ ಒಂದೇ ಕೋಣೆಯಲ್ಲಿ ಇಬ್ಬರು ಕೈದಿಗಳು, ಅದರಲ್ಲಿ ಒಬ್ಬ ಜೂಲಿಯಾ; ಒಬ್ಬರ ಮುಖ ಕಂಡರೆ ಒಬ್ಬರಿಗಾಗದ ಆ ಇಬ್ಬರು ಬರೀ ಮಾತಿನಿಂದ ಹತ್ತಿರವಾಗುವ ಕಥೆ. ಈ ಸಂಜೆ ನಾವು ಹುಡುಕುತ್ತಿರುವುದು ಅದನ್ನೇ! ಅಂಥ ನಟನನ್ನು ಕರೆತಂದು ಬರದ ಜರ್ಮನ್ ಉಚ್ಚಾರಣೆ ಕೊಟ್ಟು ನಿಲ್ಲಿಸಿದ್ದಾರೆ. ಬ್ರಾಗಾಗೆ ಮಾತೇ ಕಡಿಮೆ. ಅವಳ ಪಾಲಿಗೆ ಬಂದಿರುವ ಮುಖ್ಯ ದೃಶ್ಯದಲ್ಲಿ ಕಟ್ಟಿಹಾಕಿರುವ ಪುಲೋವ್ಸ್ಕಿಯ ಮೇಲೆ ಲೀಸಲ್ ಬಲಾತ್ಕಾರ ಮಾಡುತ್ತಾಳೆ, ಅದು ವಿಡಿಯೋದಲ್ಲೂ ದಾಖಲಾಗುತ್ತದೆ. ಗಂಡಸಿನ ಮೇಲಾಗುವ ಲೈಂಗಿಕ ಹಿಂಸೆಯನ್ನು 1990ರಲ್ಲಿ ಅಷ್ಟು ದೊಡ್ಡ ತಾರೆ ತನ್ನ ಮೇಲೇ ಚಿತ್ರಿಸಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಸಿನಿಮಾಕ್ಕೆ ಅದು ಹಿಂಸೆಯೋ ತಮಾಷೆಯೋ ಎಂಬುದು ತಿಳಿದ ಹಾಗಿಲ್ಲ. ಆ ದೃಶ್ಯ ಮುಗಿದ ಮೇಲೆ ಅದರ ಗುರುತು ಆ ಪಾತ್ರದ ಮೇಲೆ ಎಲ್ಲೂ ಉಳಿಯುವುದಿಲ್ಲ. ನನಗೆ ಈ ಸಿನಿಮಾದಲ್ಲಿ ಕ್ಷಮಿಸಲು ಕಷ್ಟವಾದ ಜಾಗ ಇದು.

ಬರೆದವರು ಸ್ಕಾಟ್ ಸ್ಪೀಗಲ್ ಮತ್ತು ಬೋಆಜ್ ಯಾಕಿನ್. ಸ್ಪೀಗಲ್ ‘ಈವಿಲ್ ಡೆಡ್ 2’ಕ್ಕೆ ಸ್ಯಾಮ್ ರೇಮಿ ಜೊತೆ ಕೂತು ಬರೆದವರು. ರಕ್ತ ಹರಿಯುವಾಗಲೇ ನಗು ತರಿಸುವ, ಹದ್ದು ಮೀರಿದ್ದೇ ಹದವಾಗಿರುವ ಸಿನಿಮಾ ಅದು. ಈ ಮಾಹಿತಿ ಇಟ್ಟುಕೊಂಡು ‘ದಿ ರೂಕಿ’ಯ ಘಟನೆಗಳನ್ನು ಮತ್ತೆ ನೋಡಿ. ಹೆದ್ದಾರಿಯಲ್ಲಿ ಓಡುವ ಲಾರಿಯಿಂದ ಒಂದೊಂದೇ ಕಾರು ಹಿಂದಕ್ಕೆ ಜಾರಿ ಬಿದ್ದು ಬೆನ್ನಟ್ಟುವವರ ಮೇಲೆ ಬರುತ್ತದೆ. ಕಟ್ಟಡ ಸಿಡಿಯುವ ಗಳಿಗೆಯಲ್ಲಿ ಮರ್ಸಿಡಿಸ್ ಒಂದು ಮೇಲಂತಸ್ತಿನ ಕಿಟಕಿ ಒಡೆದು ಆಕಾಶಕ್ಕೆ ಹಾರುತ್ತದೆ. ವಿಮಾನ ನಿಲ್ದಾಣದಲ್ಲಿ ಸಾಮಾನು ಸುತ್ತುವ ಪಟ್ಟಿಯ ಮೇಲೆ ಕೊನೆಯ ಗುಂಡು ಹಾರುತ್ತದೆ. ಇವನ್ನು ನಗುನಗುತ್ತಾ, ಕಾರ್ಟೂನಿನ ಲಯದಲ್ಲಿ ತೆಗೆದಿದ್ದರೆ ಬೇರೆಯೇ ಸಿನಿಮಾ ಆಗುತ್ತಿತ್ತು. ಈಸ್ಟ್‌ವುಡ್ ತೆಗೆದದ್ದು ತಮ್ಮ ಮಾಮೂಲಿ ಕತ್ತಲೆಯಲ್ಲಿ. ಛಾಯಾಗ್ರಾಹಕ ಜ್ಯಾಕ್ ಗ್ರೀನ್, ಮುಖದ ಅರ್ಧ ಯಾವಾಗಲೂ ನೆರಳಿನಲ್ಲಿ. ಹಿನ್ನೆಲೆಯಲ್ಲಿ ಲೆನ್ನಿ ನೀಹಾಸ್ ಅವರ ಜ್ಯಾಝ್. ದುಃಖದ ಸಿನಿಮಾಕ್ಕೆ ಬೇಕಾದ ಬೆಳಕು, ಕಾಮಿಕ್ ಪುಸ್ತಕಕ್ಕೆ ಬೇಕಾದ ಘಟನೆ.

ಸಾಹಸಗಳನ್ನು ಮಾತ್ರ ಮೆಚ್ಚಬೇಕು. ಪರದೆಯ ಮೇಲೆ ಕಾಣುವ ನಟರಿಗಿಂತ ಸ್ಟಂಟ್ ಮಾಡಿದವರ ಸಂಖ್ಯೆ ದುಪ್ಪಟ್ಟಿಗೂ ಹೆಚ್ಚು. ಕಂಪ್ಯೂಟರ್ ಇನ್ನೂ ಕಾರುಗಳನ್ನು ಹಾರಿಸದಿದ್ದ ಕಾಲ. ಹಾರಿದ್ದು ನಿಜವಾದ ಕಾರು, ಸುಟ್ಟದ್ದು ನಿಜವಾದ ಬೆಂಕಿ. ಈಗಿನ ಸಿನಿಮಾ ನೋಡಿ ಬೇಸತ್ತವರಿಗೆ ಆ ಹೆದ್ದಾರಿಯ ಚೇಸ್ ಒಂದು ಸಮಾಧಾನ. ಆದರೆ ಡೂಪ್‌ಗಳು ಪ್ರಾಣ ಪಣಕ್ಕಿಟ್ಟು ತುಂಬಿಸುತ್ತಿರುವುದು ಯಾವ ಖಾಲಿಯನ್ನು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಈಸ್ಟ್‌ವುಡ್ ಕೆಲಸ ಮಾಡುವ ರೀತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸೆಟ್‌ನಲ್ಲಿ ಅವರು ‘ಆಕ್ಷನ್’ ಎಂದು ಕೂಗುವುದಿಲ್ಲ. ‘ರಾಹೈಡ್’ ಟಿವಿ ಧಾರಾವಾಹಿಯ ದಿನಗಳಲ್ಲಿ ಆ ಕೂಗಿಗೆ ಕುದುರೆಗಳು ಬೆಚ್ಚುತ್ತಿದ್ದದ್ದನ್ನು ನೋಡಿ, ಕುದುರೆಗೆ ಆಗದ್ದು ನಟನಿಗೂ ಆಗದು ಎಂದುಕೊಂಡವರು. ಟೇಕ್‌ಗಳು ಬಹಳ ಕಡಿಮೆ, ಎಷ್ಟೋ ಸಲ ಮೊದಲನೆಯದೇ ಅಂತಿಮ. ಚಿತ್ರಕಥೆಯನ್ನು ತಿದ್ದಿ ತಿದ್ದಿ ಹದ ಕೆಡಿಸಬಾರದು ಎಂಬ ನಂಬಿಕೆ. ಬಜೆಟ್ ಮೀರುವುದಿಲ್ಲ, ದಿನ ಮೀರುವುದಿಲ್ಲ. ಚಿತ್ರಕಥೆ ಗಟ್ಟಿಯಾಗಿದ್ದಾಗ ಈ ಕ್ರಮದಿಂದ ಒಂದು ಬಗೆಯ ತಾಜಾತನ ಬರುತ್ತದೆ. ಸಡಿಲವಾಗಿದ್ದರೆ ಆ ಸಡಿಲವೇ ಪರದೆಗೆ ಬರುತ್ತದೆ. ಜೋಡಿ ಸಿನಿಮಾಕ್ಕೆ ಬೇಕಾದ ಮಾತಿನ ಜಗ್ಗಾಟ ಹುಟ್ಟುವುದು ತಾಲೀಮಿನಲ್ಲಿ. ನಟರಿಬ್ಬರೂ ಕೆರೆದು, ಕೆದಕಿ, ಹತ್ತು ಸಲ ಹಾಳು ಮಾಡಿ ಹನ್ನೊಂದನೇ ಸಲಕ್ಕೆ. ಮೊದಲ ಟೇಕ್‌ನಲ್ಲಿ ಸಿಗುವುದು ಸರಿಯಾಗಿ ಒಪ್ಪಿಸಿದ ಪಾಠ ಮಾತ್ರ.

ಆ ವರ್ಷದ ಸಂದರ್ಭವನ್ನೂ ಹೇಳಿಬಿಡುತ್ತೇನೆ. 1990ರಲ್ಲಿ ಅವರಿಗೆ ಅರವತ್ತು ತುಂಬಿತು. ಅದೇ ವರ್ಷ ಅವರ ಇನ್ನೊಂದು ಸಿನಿಮಾ ಬಂದಿತ್ತು, ‘ವೈಟ್ ಹಂಟರ್ ಬ್ಲ್ಯಾಕ್ ಹಾರ್ಟ್’. ಹಾಲಿವುಡ್‌ನ ಹಿರಿಯ ನಿರ್ದೇಶಕ ಜಾನ್ ಹ್ಯೂಸ್ಟನ್‌ರನ್ನು ಹೋಲುವ, ಆಫ್ರಿಕಾದಲ್ಲಿ ಶೂಟಿಂಗ್ ಬಿಟ್ಟು ಆನೆ ಬೇಟೆಗೆ ಹಂಬಲಿಸುವ ನಿರ್ದೇಶಕನ ಕಥೆ. ಕಾನ್ ಚಿತ್ರೋತ್ಸವಕ್ಕೆ ಹೋಯಿತು, ಅಮೆರಿಕದಲ್ಲಿ ಗಳಿಸಿದ್ದು ಸುಮಾರು 23 ಲಕ್ಷ ಡಾಲರ್. ಅಂಥ ಸಿನಿಮಾ ಮಾಡಲು ಬಿಟ್ಟ ಸ್ಟುಡಿಯೊ ವಾರ್ನರ್ ಬ್ರದರ್ಸ್‌ಗೆ ಒಂದು ಓಡುವ ಸಿನಿಮಾ ಕೊಡಬೇಕಿತ್ತು, ಅದಕ್ಕೇ ‘ದಿ ರೂಕಿ’ ಎಂಬ ಮಾತು ಸಿನಿಮಾ ಬರಹಗಳಲ್ಲಿ ಓಡಾಡುತ್ತದೆ. ತನಗೊಂದು, ಅವರಿಗೊಂದು. ಅವರಿಗೆಂದು ಮಾಡಿದ್ದೂ ಓಡಲಿಲ್ಲ. ಅಮೆರಿಕದಲ್ಲಿ ಎರಡು ಕೋಟಿ ಹದಿನಾರು ಲಕ್ಷ ಡಾಲರ್ ಆಸುಪಾಸಿಗೆ ನಿಂತಿತು. ಮೂರು ವಾರ ಮೊದಲು ಬಂದಿದ್ದ ‘ಹೋಮ್ ಅಲೋನ್’ ಇಪ್ಪತ್ತೆಂಟು ಕೋಟಿ ದಾಟಿ ಹೋಯಿತು. ಇಬ್ಬರು ಪೊಲೀಸರು ಹಿಡಿಯಲಾಗದ ಕಳ್ಳರನ್ನು ಆ ವರ್ಷ ‘ಹೋಮ್ ಅಲೋನ್’ನ ಎಂಟು ವರ್ಷದ ಹುಡುಗ ಒಬ್ಬನೇ ಹಿಡಿದುಕೊಟ್ಟ. ಅಷ್ಟು ಹೊತ್ತಿಗೆ ಜೋಡಿ ಪೊಲೀಸ್ ಸಿನಿಮಾದ ರಸವೂ ಬತ್ತಿತ್ತು. 1989ರಲ್ಲಿ ಎರಡೆರಡು ಸಿನಿಮಾಗಳಲ್ಲಿ ಪೊಲೀಸನಿಗೆ ನಾಯಿಯೇ ಜೊತೆಗಾರ. ವರ್ಷದ ಕೊನೆಗೆ ‘ಟ್ಯಾಂಗೊ ಅಂಡ್ ಕ್ಯಾಶ್’. ಈಸ್ಟ್‌ವುಡ್ ಜಾತ್ರೆ ಮುಗಿಯುವ ಹೊತ್ತಿಗೆ ಅಂಗಡಿ ಹಾಕಿದರು.

ಈಗ ನಾನು ಇಲ್ಲಿಗೆ ಬಂದ ಕಾರಣಕ್ಕೆ ಬರುತ್ತೇನೆ. 1992ರ ಆಗಸ್ಟ್‌ನಲ್ಲಿ, ‘ದಿ ರೂಕಿ’ ಬಂದು ಎರಡು ವರ್ಷ ತುಂಬುವ ಮೊದಲೇ, ‘ಅನ್‌ಫರ್ಗಿವನ್’ ಬಂತು. ನಾಲ್ಕು ಆಸ್ಕರ್, ಅದರಲ್ಲಿ ಅತ್ಯುತ್ತಮ ಚಿತ್ರ ಮತ್ತು ನಿರ್ದೇಶನ ಎರಡೂ. ಛಾಯಾಗ್ರಹಣ ಜ್ಯಾಕ್ ಗ್ರೀನ್, ಸಂಕಲನ ಜೋಯಲ್ ಕಾಕ್ಸ್, ಸಂಗೀತ ಲೆನ್ನಿ ನೀಹಾಸ್. ‘ದಿ ರೂಕಿ’ಗೂ ಇದೇ ಮೂವರು. ಕ್ಯಾಮೆರಾ ಹಿಂದಿನ ಕಣ್ಣು ಅದೇ, ಕತ್ತರಿ ಹಿಡಿದ ಕೈ ಅದೇ, ಕತ್ತಲೆಯೂ ಅದೇ. ಬದಲಾದದ್ದು ಡೇವಿಡ್ ವೆಬ್ ಪೀಪಲ್ಸ್ ಬರೆದ ಚಿತ್ರಕಥೆ. ಅದನ್ನು ಈಸ್ಟ್‌ವುಡ್ ವರ್ಷಗಟ್ಟಲೆ ತಮ್ಮ ಬಳಿ ಇಟ್ಟುಕೊಂಡಿದ್ದರು, ಆ ಪಾತ್ರಕ್ಕೆ ತಮ್ಮ ವಯಸ್ಸು ಬರಲಿ ಎಂದು. ಅಂದರೆ ‘ದಿ ರೂಕಿ’ ಶೂಟಿಂಗ್ ಆಗುವಾಗಲೂ ಆ ಚಿತ್ರಕಥೆ ಅವರ ಮನೆಯಲ್ಲೇ ಇತ್ತು.

ಎರಡರ ಎಲುಬೂ ಒಂದೇ ಎಂದು ನನಗೆ ಕಾಣುತ್ತದೆ. ಕೊಲ್ಲುವುದನ್ನು ಬಲ್ಲ ಮುದುಕ, ಕೊಲ್ಲಲು ಕಲಿಯಬೇಕೆಂದಿರುವ ಹುಡುಗ. ‘ದಿ ರೂಕಿ’ಯಲ್ಲಿ ಗುಂಡು ಹೊಡೆಯಲು ಕೈ ಬಾರದಿರುವುದೇ ಆಕರ್‌ಮನ್‌ನ ಕಾಯಿಲೆ, ಹೊಡೆದ ಮೇಲೆ ವಾಸಿ. ಕೊನೆಯಲ್ಲಿ ಪುಲೋವ್ಸ್ಕಿಗೆ ಬಡ್ತಿಯಾಗಿ ಮೇಜಿನ ಹಿಂದೆ ಕೂರುತ್ತಾನೆ, ಆಕರ್‌ಮನ್ ಕೈಗೆ ಹೊಸ ರೂಕಿಯನ್ನು ಒಪ್ಪಿಸುತ್ತಾನೆ. ಪರಂಪರೆ ಮುಂದುವರಿಯಿತು ಎಂದು ಸಿನಿಮಾ ಬೆನ್ನು ತಟ್ಟಿಕೊಳ್ಳುತ್ತದೆ. ‘ಅನ್‌ಫರ್ಗಿವನ್’ನಲ್ಲಿ ಸ್ಕೋಫೀಲ್ಡ್ ಕಿಡ್ ಎಂಬ ಹುಡುಗ ಇದ್ದಾನೆ. ಎಷ್ಟೋ ಜನರನ್ನು ಕೊಂದಿದ್ದೇನೆ ಎಂದು ಜಂಬ ಕೊಚ್ಚುತ್ತಾನೆ, ದೂರದ್ದು ಅವನ ಕಣ್ಣಿಗೆ ಕಾಣುವುದಿಲ್ಲ. ಕೊನೆಗೆ ಒಬ್ಬನನ್ನು ನಿಜವಾಗಿ ಕೊಲ್ಲುತ್ತಾನೆ, ಕಕ್ಕಸಿನಲ್ಲಿ ಕೂತವನನ್ನು, ತೀರ ಹತ್ತಿರದಿಂದ. ಆಮೇಲೆ ಮರದ ಕೆಳಗೆ ಕೂತು ವಿಸ್ಕಿ ಗುಟುಕರಿಸುತ್ತಾ ಅಳುತ್ತಾನೆ, ತನ್ನ ಪಿಸ್ತೂಲನ್ನು ಮುದುಕನಿಗೇ ಕೊಟ್ಟು ನನಗಿದು ಬೇಡ ಅನ್ನುತ್ತಾನೆ. ಪಕ್ಕದಲ್ಲಿ ನಿಂತ ಈಸ್ಟ್‌ವುಡ್ ಅಲ್ಲೂ ಹೆಚ್ಚು ಮಾತಾಡುವುದಿಲ್ಲ. ಆದರೆ ಆ ಹುಡುಗ ಕೇಳುತ್ತಿರುವುದು ಉತ್ತರವಿಲ್ಲದ ಪ್ರಶ್ನೆಯಾದ್ದರಿಂದ ಇವರ ಮೌನಕ್ಕೆ ಅಲ್ಲಿ ಕೆಲಸ ಇದೆ.

ಹಾಗಾಗಿ ವಯಸ್ಸಾಗಿ ಕೈ ನಡುಗಿತು, ದುಡ್ಡಿಗೆ ಕೆಲಸ ಮಾಡಿದರು ಎನ್ನುವ ಸುಲಭದ ತೀರ್ಪನ್ನು ನಾನು ಒಪ್ಪುವುದಿಲ್ಲ. ಅದೇ ಕೈಗಳೇ ಮುಂದಿನ ಸಿನಿಮಾವನ್ನೂ ಮಾಡಿದ್ದು. ‘ದಿ ರೂಕಿ’ಗೆ ಹಿಂಸೆಯ ಬಗ್ಗೆ ಈಸ್ಟ್‌ವುಡ್ ನಂಬದ ಒಂದು ಮಾತನ್ನು ಎರಡು ಗಂಟೆ ನಂಬಿದ ಹಾಗೆ ಹೇಳಬೇಕಾಗಿತ್ತು. ‘ಡರ್ಟಿ ಹ್ಯಾರಿ’ ಕಾಲದಲ್ಲಿ ಬಹುಶಃ ನಂಬಿದ್ದರು. 1990ಕ್ಕೆ ಆ ನಂಬಿಕೆ ಹಳಸಿತ್ತು, ಆದರೆ ಬದಲಿಗೆ ಏನು ಹೇಳಬೇಕೆಂಬುದು ಇನ್ನೂ ಪರದೆಗೆ ಬಂದಿರಲಿಲ್ಲ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: “ಹಾಗಾದರೆ ಆಮೇಲೆ ಅವರು ಜೋಡಿ ಪೊಲೀಸ್ ಸಿನಿಮಾದ ತಂಟೆಗೇ ಹೋಗಲಿಲ್ಲವಾ ಸರ್?”

ಅದಕ್ಕೆ ಕೊಟ್ಟ ಉತ್ತರ ಇದು. 1993ರಲ್ಲಿ ವೋಲ್ಫ್‌ಗ್ಯಾಂಗ್ ಪೀಟರ್ಸನ್ ನಿರ್ದೇಶಿಸಿದ ‘ಇನ್ ದ ಲೈನ್ ಆಫ್ ಫೈರ್’ನಲ್ಲಿ ಈಸ್ಟ್‌ವುಡ್‌ಗೆ ಡಿಲನ್ ಮೆಕ್‌ಡರ್ಮಟ್ ಎಂಬ ಕಿರಿಯ ಜೊತೆಗಾರ, ಹ್ಯಾರಿಯ ಜೊತೆಗಾರರಿಗೆ ಆದದ್ದೇ ಅವನಿಗೂ ಆಗುತ್ತದೆ. ಅದರಲ್ಲಿ ನಿಜವಾದ ಜೋಡಿ ಎಂದರೆ ಕೊಲೆಗಾರ ಜಾನ್ ಮಾಲ್ಕೊವಿಚ್ ಮತ್ತು ಈಸ್ಟ್‌ವುಡ್, ಅವರ ಸಂಸಾರವೆಲ್ಲ ಫೋನಿನಲ್ಲೇ. 2002ರಲ್ಲಿ ತಾವೇ ನಿರ್ದೇಶಿಸಿದ ‘ಬ್ಲಡ್ ವರ್ಕ್’ನಲ್ಲಿ ಇನ್ನೊಮ್ಮೆ ಹತ್ತಿರ ಹೋದರು. ಹೃದಯ ಬದಲಿಸಿಕೊಂಡ ನಿವೃತ್ತ ಎಫ್‌ಬಿಐ ಅಧಿಕಾರಿ, ಅವನನ್ನು ಕಾರಿನಲ್ಲಿ ಊರೆಲ್ಲ ಸುತ್ತಿಸುವ ಪಕ್ಕದ ದೋಣಿಯ ಗೆಳೆಯ ಜೆಫ್ ಡೇನಿಯಲ್ಸ್. ಆ ಗೆಳೆಯನ ಹೆಸರೇ ಬಡಿ. ಸಿನಿಮಾ ನೋಡದವರು ಕಿವಿ ಮುಚ್ಚಿಕೊಳ್ಳಿ: ಕೊನೆಗೆ ಕೊಲೆಗಾರ ಅವನೇ.